ಮಂಗನ ಕಾಯಿಲೆಯೂ ನಮ್ಮ ಕರ್ತವ್ಯವೂ
(ಪುಣೆಯ ಹೋಟೆಲ್ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಹೋದ ವರ್ಷ ಮಲೆನಾಡಿಗೆ ಹೋಗಿಬಂದ ಹುಡುಗನೊಬ್ಬನಿಗೆ ಜ್ವರ ಬಂತು. ‘ಮಂಗನ ಕಾಯಿಲೆ, ಮುಟ್ಟಬೇಡಿ’ ಎಂದು ಯಾರೋ ಅಂದರು. ಅವನ ಹಾಸಿಗೆ ಸುತ್ತಿ ಮಾಳಿಗೆಯಿಂದ ಹೊರಗಿಟ್ಟವರು ಮಾಲೀಕರಲ್ಲ, ನಾವೇ. ಅವನಿಗೆ ಬಂದದ್ದು ಮಲೇರಿಯಾ. ಮಂಗನ ಕಾಯಿಲೆಯೇ ಆಗಿದ್ದರೂ ನಾವು ಮಾಡಿದ್ದು ತಪ್ಪೇ. ಅದೇಕೆಂದು ಈ ದಿನ ತಿಳಿಯೋಣ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲ ಹಳ್ಳಿಗರಿಗೂ ಜ್ವರ ಹತ್ತಿತು. ಇದಕ್ಕೆ ಹೊಸದೊಂದು ವೈರಸ್ ಕಾರಣವೆಂದು ಕಂಡುಹಿಡಿದದ್ದು ನಾವಿರುವ ಇದೇ ಪುಣೆಯ ವೈರಸ್ ಸಂಶೋಧನಾ ಕೇಂದ್ರ.

ಈ ವೈರಸ್ಸನ್ನು ಹೊತ್ತು ತಿರುಗುವುದು ಕಾಡಿನ ಉಣ್ಣಿ. ಉಣುಗು ಎಂದೂ ಕರೆಯುತ್ತೇವೆ. ಅದು ಇಲಿ, ಸುಂಡಿಲಿಗಳ ರಕ್ತ ಹೀರುತ್ತದೆ. ಆ ಸಣ್ಣ ಪ್ರಾಣಿಗಳು ರೋಗವನ್ನು ತಾಳಿಕೊಳ್ಳುತ್ತವೆ. ಮುಸುವ, ಕೋತಿಗಳು ತಾಳಲಾರದೆ ಸಾಯುತ್ತವೆ. ಸತ್ತ ಮಂಗನ ಮೈಯಿಂದ ಉದುರಿದ ಉಣ್ಣಿ ಅಲ್ಲಿಯೇ ಕಾದಿದ್ದು, ಸೌದೆಗೋ ತರಗೆಲೆಗೋ ಹೋದ ಬಡವನನ್ನು ಕಚ್ಚುತ್ತದೆ. ಮಂಗನೂ ನಮ್ಮಂತೆ ರೋಗಿಯೇ ಹೊರತು ಅಪರಾಧಿಯಲ್ಲ.

ಈ ವೈರಸ್ಸಿಗೆ ದಾಯಾದಿಗಳೂ ಇದ್ದಾರೆ. ಸೈಬೀರಿಯಾದ ಓಮ್ಸ್ಕ್ ಜ್ವರದ ವೈರಸ್ ಒಂದು. 1990ರ ದಶಕದಲ್ಲಿ ಸೌದಿ ಅರೇಬಿಯಾದ ಕಸಾಯಿ ಕೆಲಸಗಾರರಲ್ಲಿ ಸಿಕ್ಕಿದ ಅಲ್ಖುರ್ಮಾ ವೈರಸ್ ಇನ್ನೂ ಹತ್ತಿರದ್ದು. ಒಂದೇ ಬುಡದಿಂದ ಕವಲೊಡೆದು, ಆಯಾ ನೆಲದ ಉಣ್ಣಿಗೂ ಪ್ರಾಣಿಗೂ ಹೊಂದಿಕೊಳ್ಳುತ್ತ ಅವು ಬೇರೆಯಾದವು. ಇಂಥ ವೈರಸ್ ಇರುವ ಕಾಡನ್ನು ಕೆಣಕಿದಾಗ ಅದು ನಮ್ಮ ಮೇಲೆ ತಿರುಗುತ್ತದೆ. 1982-83ರಲ್ಲಿ ಬೆಳ್ತಂಗಡಿ ತಾಲೂಕಿನ ನಿಡ್ಲೆಯಲ್ಲಿ ಗೇರು ತೋಟಕ್ಕೆಂದು ಕಾಡು ಕಡಿದ ಮೇಲೆ ರೋಗ ಭುಗಿಲೆದ್ದಿತು.

ಈಗ ಮುಖ್ಯವಾದ ಮಾತು. ಇದು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಕಚ್ಚಬೇಕಾದದ್ದು ಉಣ್ಣಿ. ಪಕ್ಕದ ಚಾಪೆಯವನಿಂದ ನಮಗೆ ಭಯವಿಲ್ಲ.

ಆದುದರಿಂದ, ಬೇಸಗೆಯಲ್ಲಿ ಊರಿಗೆ ಹೋದವರು ಕಾಡಿಗೆ ಮೈಮುಚ್ಚಿ ಹೋಗಿ. ಬಂದೊಡನೆ ಬಟ್ಟೆ ಬದಲಿಸಿ ಬಿಸಿನೀರಿನಲ್ಲಿ ಸ್ನಾನಮಾಡಿ. ಸತ್ತ ಮಂಗನನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಇಲ್ಲಿ ಯಾರಿಗಾದರೂ ಜ್ವರ ಬಂದರೆ ಬೇಗನೆ ಆಸ್ಪತ್ರೆಗೆ ಸೇರಿಸಿ, ಕಾಡಿಗೆ ಹೋಗಿದ್ದನೆಂದು ವೈದ್ಯರಿಗೆ ಹೇಳೋಣ. ಇದನ್ನು ಗುಣಪಡಿಸುವ ವಿಶೇಷ ಔಷಧವಿಲ್ಲ. ಸಕಾಲದ ಆರೈಕೆಯೇ ಜೀವ ಉಳಿಸುತ್ತದೆ.

ಪಗಾರ ಕಡಿಯದ ರಜೆಯನ್ನು ಮಾಲೀಕರಿಂದ ಕೇಳುವುದು ಸಂಘದ ಕೆಲಸ. ಆದರೆ ಅದನ್ನು ಕೇಳುವ ಬಾಯಿ ನಮಗಿರಬೇಕಾದರೆ, ಜ್ವರದವನ ಹಾಸಿಗೆ ಮೊದಲು ನಮ್ಮ ನಡುವೆಯೇ ಇರಬೇಕು.