ಅಳೆಯುವ ಉಪಕರಣವನ್ನೂ ಅಳೆಯಬೇಕು

ನೀರಿನ ರಸಸಾರವನ್ನು, ಅಂದರೆ ಪಿ.ಎಚ್. ಮೌಲ್ಯವನ್ನು ಅಳೆಯುವ ಪುಟ್ಟ ಮಾಪಕಗಳು ಈಗ ಪೇಟೆಯಲ್ಲಿ ಸುಲಭವಾಗಿ ಸಿಗುತ್ತವೆ. ನೋಡಲು ದಪ್ಪ ಪೆನ್ನಿನಂತಿರುವ ಈ ಮಾಪಕದ ಗುಂಡಿ ಒತ್ತಿ ನೀರಿಗೆ ಅದ್ದಿದರೆ ಪರದೆಯ ಮೇಲೆ 7.84 ಎಂದೋ 8.31 ಎಂದೋ ಅಂಕಿ ಮೂಡುತ್ತದೆ. ದಶಮಾಂಶದ ನಂತರ ಎರಡು ಸ್ಥಾನ ಕಂಡೊಡನೆ ನಮಗೆ ನಂಬಿಕೆ ಹುಟ್ಟುತ್ತದೆ. ಆದರೆ ಆ ಅಂಕಿ ಎಷ್ಟು ನಿಜ? ಅದನ್ನು ಪ್ರಯೋಗಾಲಯದಲ್ಲಲ್ಲ, ಬಳ್ಳಾರಿಯ ಬಿಸಿಲಿನಲ್ಲಿ, ಸಿರುಗುಪ್ಪದ ಗದ್ದೆಯಲ್ಲಿ, ಕುರುಗೋಡಿನ ಕೊಳವೆ ಬಾವಿಯ ಬಳಿ ಪರೀಕ್ಷಿಸುವುದು ಹೇಗೆ? ಇದೇ ಇಂದಿನ ವಿಷಯ.

ರಸಸಾರದ ಅಳತೆಗೋಲನ್ನು ರೂಪಿಸಿದವರು ಡೆನ್ಮಾರ್ಕಿನ ರಸಾಯನ ವಿಜ್ಞಾನಿ ಸೋರೆನ್ಸನ್. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಅವರು 1909ರಲ್ಲಿ ಇದನ್ನು ಮುಂದಿಟ್ಟರು. 7 ಎಂದರೆ ತಟಸ್ಥ; ಅದಕ್ಕಿಂತ ಕಡಿಮೆಯಾದರೆ ಆಮ್ಲೀಯ, ಹೆಚ್ಚಾದರೆ ಕ್ಷಾರೀಯ. ಇಲ್ಲಿ ಒಂದು ಅಂಕದ ವ್ಯತ್ಯಾಸವೆಂದರೆ ಹತ್ತು ಪಟ್ಟು. ಕೇವಲ 0.3ರಷ್ಟು ತಪ್ಪಾದರೂ ಆಮ್ಲೀಯತೆಯ ಲೆಕ್ಕ ಇಮ್ಮಡಿ ಅಥವಾ ಅರ್ಧವಾಗಿಬಿಡುತ್ತದೆ.

ಇಷ್ಟು ಸಣ್ಣ ತಪ್ಪಿನಿಂದ ಆಗುವ ನಷ್ಟವೇನು ಎಂದು ನೀವು ಕೇಳಬಹುದು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ರಸಸಾರ 6.5ರಿಂದ 8.5ರೊಳಗೆ ಇರಬೇಕು. ನೀರಿನಲ್ಲಿರುವ ರೋಗಾಣುಗಳನ್ನು ಕೊಲ್ಲಲು ನಾವು ಕ್ಲೋರಿನ್ ಬಳಸುತ್ತೇವೆ. ಕ್ಲೋರಿನ್ನಿನ ಪರಿಣಾಮಕಾರಿ ರೂಪವು ರಸಸಾರ 7.5 ಇದ್ದಾಗ ಸುಮಾರು ಅರ್ಧದಷ್ಟಿರುತ್ತದೆ, 8.5ಕ್ಕೆ ಏರಿದರೆ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಮಾಪಕ ಸುಳ್ಳು ಹೇಳಿದರೆ ನೀರುಗಂಟಿ ಅಳೆದು ಹಾಕಿದ ಬ್ಲೀಚಿಂಗ್ ಪುಡಿಯೂ ಸಾಲದೇ ಹೋಗಬಹುದು.

ಈಗ ಮಾಪಕದ ಒಳಗೆ ನೋಡೋಣ. ಅದರ ತುದಿಯಲ್ಲಿ ಬಹಳ ತೆಳುವಾದ ಗಾಜಿನ ಬುರುಡೆಯೊಂದಿದೆ. ನೀರಿನ ರಸಸಾರಕ್ಕೆ ತಕ್ಕಂತೆ ಅಲ್ಲಿ ಅತಿ ಸಣ್ಣ ವಿದ್ಯುತ್ ಒತ್ತಡ ಹುಟ್ಟುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಅಂಕಕ್ಕೆ ಸುಮಾರು 59 ಮಿಲಿವೋಲ್ಟ್, 40 ಡಿಗ್ರಿಯಲ್ಲಿ ಸುಮಾರು 62 ಮಿಲಿವೋಲ್ಟ್. ಈ ಗಾಜು ಒಣಗಿದರೆ, ಅದಕ್ಕೆ ಪಾಚಿ ಅಥವಾ ಸುಣ್ಣದ ಪದರ ಕಟ್ಟಿದರೆ, ಅಥವಾ ವಯಸ್ಸಾದರೆ, ಅಂಕಿ ದಾರಿ ತಪ್ಪುತ್ತದೆ. ಆದ್ದರಿಂದ ಮಾಪಕದ ತುದಿಯನ್ನು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ತೇವವಾಗಿ ಇಡಬೇಕು. ಬಟ್ಟಿ ಇಳಿಸಿದ ನೀರಿನಲ್ಲಿ ಇಡಬಾರದು.

ನಮ್ಮ ಚಿತ್ರೀಕರಣ ತಂಡ ಹೊರಗೆ ಹೋದಾಗ ಕ್ಯಾಮೆರಾಮನ್ ಮೊದಲು ಒಂದು ಬಿಳಿಯ ಹಾಳೆಯನ್ನು ತೋರಿಸಿ, 'ಇದು ಬಿಳಿ' ಎಂದು ಕ್ಯಾಮೆರಾಕ್ಕೆ ತಿಳಿಸುತ್ತಾರೆ. ಬೆಳಕು ಬದಲಾದಾಗಲೆಲ್ಲ ಮತ್ತೆ ತಿಳಿಸುತ್ತಾರೆ. ರಸಸಾರ ಮಾಪಕಕ್ಕೆ ಬಿಳಿಯ ಹಾಳೆ ಎಂದರೆ ಬಫರ್ ದ್ರಾವಣ. ಅಂದರೆ ರಸಸಾರ ಮೊದಲೇ ಗೊತ್ತಿರುವ ದ್ರಾವಣ. ನಮ್ಮ ಭಾಗದ ನೀರು ಹೆಚ್ಚಾಗಿ ಕ್ಷಾರೀಯವಾದ್ದರಿಂದ 7 ಮತ್ತು 9.18ರ ಬಫರ್‌ಗಳಿಂದ ಮಾಪಕವನ್ನು ಸರಿಪಡಿಸಿ, 4ರ ಬಫರ್‌ನಲ್ಲಿ ಅದ್ದಿ ತಾಳೆ ನೋಡುವುದು ಒಳ್ಳೆಯದು.

ಇಲ್ಲಿ ಬಳ್ಳಾರಿಯ ಬಿಸಿಲು ಒಂದು ತೊಡಕು ಒಡ್ಡುತ್ತದೆ. 9.18 ಎಂಬುದು 25 ಡಿಗ್ರಿಯ ಮಾತು. ಬೇಸಿಗೆಯಲ್ಲಿ ಜೀಪಿನೊಳಗೆ ಇಟ್ಟ ಸೀಸೆ 40 ಡಿಗ್ರಿಗೆ ಏರಿದರೆ ಅದೇ ದ್ರಾವಣ 9.07 ಆಗಿರುತ್ತದೆ. ಅದನ್ನು 9.18 ಎಂದೇ ತಿಳಿದು ಮಾಪಕವನ್ನು ಸರಿಪಡಿಸಿದರೆ ಹೊರಡುವ ಮೊದಲೇ 0.1ರ ತಪ್ಪು ಸೇರಿಕೊಂಡಿತು. ಸೀಸೆಯ ಮೇಲಿನ ಉಷ್ಣತೆಯ ಪಟ್ಟಿಯನ್ನು ನೋಡಿ, ನೆರಳಿನಲ್ಲಿ ಕುಳಿತು ಈ ಕೆಲಸ ಮಾಡಬೇಕು.

ಬಳ್ಳಾರಿ ನಗರದಲ್ಲಿ ತುಂಗಭದ್ರಾ ಕಾಲುವೆಯಿಂದ ಬಂದ ನಲ್ಲಿಯ ನೀರಿನಲ್ಲಿ ಪರೀಕ್ಷೆ ಸುಲಭ. ಒಂದೇ ಬಕೆಟ್ಟಿನಲ್ಲಿ, ಒಂದೇ ನಿಮಿಷದಲ್ಲಿ, ಪ್ರಯೋಗಾಲಯದ ಒಳ್ಳೆಯ ಮಾಪಕವನ್ನೂ ಪೆನ್ನು ಮಾಪಕವನ್ನೂ ಅದ್ದಿ ವ್ಯತ್ಯಾಸ ಬರೆದುಕೊಳ್ಳಿ. ಮೂರು ಬಾರಿ ಮಾಡಿ. ಆದರೆ ಶುದ್ಧ ಕುಡಿಯುವ ನೀರಿನ ಘಟಕದ ನೀರಿಗೆ ಹೆಚ್ಚು ತಾಳ್ಮೆ ಬೇಕು. ಅದರಲ್ಲಿ ಲವಣಗಳು ತೀರಾ ಕಡಿಮೆ ಇರುವುದರಿಂದ ಅಂಕಿ ಬೇಗ ನಿಲ್ಲುವುದಿಲ್ಲ.

ಕುರುಗೋಡಿನ ಕೊಳವೆ ಬಾವಿಯ ನೀರಿನ ಸ್ವಭಾವವೇ ಬೇರೆ. ನೆಲದಾಳದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಮೇಲೆ ಬಂದ ಬಳಿಕ ಅದು ಗಾಳಿಗೆ ಹಾರಿಹೋಗಿ ರಸಸಾರ ಏರುತ್ತದೆ. ಹೀಗಾಗಿ ಬಾವಿಯ ಬಳಿಯ ಅಂಕಿಗೂ ಮರುದಿನ ಪ್ರಯೋಗಾಲಯದಲ್ಲಿ ಬಂದ ಅಂಕಿಗೂ ಹೊಂದಾಣಿಕೆಯಾಗದಿದ್ದರೆ ಮಾಪಕವನ್ನು ದೂರಬಾರದು, ಬದಲಾದದ್ದು ನೀರು. ಪಂಪನ್ನು ಕೆಲವು ನಿಮಿಷ ಓಡಿಸಿ, ಅಲ್ಲಿಯೇ ಅಳೆಯಬೇಕು.

ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಗಡಿಯಾರವನ್ನೂ ನೋಡಬೇಕು. ನಿಂತ ನೀರಿನ ಪಾಚಿ ಹಗಲಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ. ಮಧ್ಯಾಹ್ನದ ಹೊತ್ತಿಗೆ ರಸಸಾರ 9ನ್ನು ದಾಟಬಹುದು. ರಾತ್ರಿ ಮತ್ತೆ ಇಳಿಯುತ್ತದೆ. ರೈತ ಬಾಂಧವರಿಗೆ ಇದು ಹಣದ ಪ್ರಶ್ನೆ. ಏರಿದ ರಸಸಾರದ ನೀರಿನಲ್ಲಿ ಎರಚಿದ ಯೂರಿಯಾದ ಸಾರಜನಕ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಬೆಳಗಿನ ಅಂಕಿಯನ್ನು ಮಧ್ಯಾಹ್ನದ ಅಂಕಿಯೊಂದಿಗೆ ಹೋಲಿಸಿ ಮಾಪಕ ಕೆಟ್ಟಿದೆ ಎನ್ನುವುದೂ ಸರಿಯಲ್ಲ, ಒಂದೇ ಅಂಕಿಯನ್ನು ನಂಬಿ ಜಿಪ್ಸಂ ಖರೀದಿಸುವುದೂ ಸರಿಯಲ್ಲ. ಸವಳು-ಜವಳು ಭೂಮಿಯ ತೀರ್ಮಾನಕ್ಕೆ ಮಣ್ಣಿನ ಪರೀಕ್ಷೆಯೇ ಆಗಬೇಕು.

ಸಂಜೆ ಕೆಲಸ ಮುಗಿದ ಮೇಲೆ ಒಂದು ಹೆಜ್ಜೆ ಉಳಿದಿರುತ್ತದೆ. ಅದೇ ಬಫರ್‌ಗಳಲ್ಲಿ ಮಾಪಕವನ್ನು ಮತ್ತೊಮ್ಮೆ ಅದ್ದಿ ನೋಡಬೇಕು. ಬೆಳಗಿಗೂ ಸಂಜೆಗೂ 0.1ಕ್ಕಿಂತ ಹೆಚ್ಚು ಅಂತರ ಬಂದರೆ ಆ ದಿನದ ಅಂಕಿಗಳನ್ನು ಬದಿಗಿಟ್ಟು ಮತ್ತೆ ಅಳೆಯುವುದೇ ಮೇಲು.

2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ನೀಡುವ ವ್ಯವಸ್ಥೆ ಬಂತು. ಅವರ ಕೈಯಲ್ಲಿರುವ ಬಣ್ಣದ ಪಟ್ಟಿಯ ಕಿಟ್ ಮಾಪಕದಷ್ಟು ಸೂಕ್ಷ್ಮವಲ್ಲ. ಆದರೂ ಮಾಪಕ 9 ಎಂದು, ಬಣ್ಣ 7 ಎಂದು ಹೇಳಿದಾಗ ನಮ್ಮನ್ನು ಎಚ್ಚರಿಸಲು ಅದು ಸಾಕು. ಹಗಲು ಬೆಳಕಿನಲ್ಲಿ, ತಿಳಿನೀರಿನಲ್ಲಿ ಬಣ್ಣ ನೋಡಬೇಕು, ಅಷ್ಟೆ.

ಕೊನೆಯದಾಗಿ ಒಂದು ಮಾತು. ಬಳ್ಳಾರಿ ಜಿಲ್ಲೆಯ ಹಲವು ಕೊಳವೆ ಬಾವಿಗಳಲ್ಲಿ ಫ್ಲೋರೈಡಿನ ತೊಂದರೆ ಇದೆ. ಮಾಪಕ ಎಷ್ಟೇ ನಿಖರವಾಗಿದ್ದರೂ ಅದು ಫ್ಲೋರೈಡನ್ನು ತೋರಿಸುವುದಿಲ್ಲ, ರೋಗಾಣುಗಳನ್ನೂ ತೋರಿಸುವುದಿಲ್ಲ. ರಸಸಾರ 7.5 ಇದೆ ಎಂದಮಾತ್ರಕ್ಕೆ ನೀರು ಕುಡಿಯಲು ಯೋಗ್ಯ ಎಂದು ಯಾರಾದರೂ ಹೇಳಿದರೆ ಉಳಿದ ಪರೀಕ್ಷೆಗಳ ವರದಿ ಕೇಳಿ. ಮಾಪಕವನ್ನು ಕೊನೆಯ ಬಾರಿ ಬಫರ್‌ನಲ್ಲಿ ತಾಳೆ ನೋಡಿದ್ದು ಯಾವಾಗ ಎಂದೂ ಕೇಳಿ. ಹಾಗೆ ಕೇಳುವುದು ನಿಮ್ಮ ಹಕ್ಕು.