ಹೇಳಲಾರದ ಮಗುವಿನ ನೋವು



ಬಹುವಿಧ ಅಂಗವೈಕಲ್ಯವುಳ್ಳ, ಮಾತು ಬಾರದ ಮಗು ‘ಇಲ್ಲಿ ನೋಯುತ್ತಿದೆ’ ಎನ್ನಲಾರದು. ಹೇಳದ ನೋವನ್ನು ಇಲ್ಲವೆಂದೇ ಎಣಿಸುವ ರೂಢಿ ವೈದ್ಯಲೋಕದಲ್ಲಿ ಬಹುಕಾಲವಿತ್ತು. ನೋವಿನ ಅಧ್ಯಯನಕ್ಕಾಗಿರುವ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ತನ್ನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ಹೇಳಲಾಗದ ಮಾತ್ರಕ್ಕೆ ನೋವಿಲ್ಲವೆನ್ನಲಾಗದೆಂದು ಸ್ಪಷ್ಟಪಡಿಸಿತು.

1997ರಲ್ಲಿ ಪ್ರಕಟವಾದ ‘ಫ್ಲ್ಯಾಕ್’ ಮಾಪಕವು ಮುಖ, ಕಾಲು, ಚಲನೆ, ಅಳು, ಸಂತೈಕೆಗೆ ಒಗ್ಗುವ ಬಗೆ, ಈ ಐದಕ್ಕೂ 0ರಿಂದ 2ರವರೆಗೆ ಅಂಕ ಕೊಡುತ್ತದೆ. ಆದರೆ ಸೆರೆಬ್ರಲ್ ಪಾಲ್ಸಿಯ ಮಗುವಿನ ಕಾಲು ನೋವಿಲ್ಲದಾಗಲೂ ಸೆಟೆದಿರಬಹುದು. ಕೆಲವು ಮಕ್ಕಳು ನೊಂದಾಗ ನಗುತ್ತಾರೆ, ಕೆಲವರು ಸ್ತಬ್ಧರಾಗುತ್ತಾರೆ. ಆದ್ದರಿಂದ 2006ರ ಪರಿಷ್ಕೃತ ಮಾಪಕದಲ್ಲಿ ಆಯಾ ಮಗುವಿನ ವಿಶಿಷ್ಟ ಲಕ್ಷಣಗಳನ್ನು ತಂದೆತಾಯಿಗಳಿಂದಲೇ ಕೇಳಿ ಸೇರಿಸುವ ಅವಕಾಶವಾಯಿತು.

ಹೊರನಾಡಿನಲ್ಲಿರುವ ನಮಗೆ ತೊಡಕಿರುವುದು ಇಲ್ಲಿಯೇ. ‘ಕೂಸು ಹಲ್ಲ ಕಡೀತದ, ಎತ್ತಿಕೊಂಡ್ರ ಬೆನ್ನ ಸೆಟಸ್ತದ’ ಎಂದು ತಾಯಿ ಬಲ್ಲದ್ದು ಮುಂಬಯಿಯ ಆಸ್ಪತ್ರೆಯಲ್ಲಿ ಹರಕು ಹಿಂದಿಯ ‘ದರ್ದ್ ಹೈ’ ಅಷ್ಟೇ ಆಗುತ್ತದೆ. ಕೇಸ್‌ಪೇಪರಿನಲ್ಲಿ ‘ಹಟಮಾರಿ ಸ್ವಭಾವ’ ಎಂದು ಬರೆದದ್ದನ್ನು ನಾನು ಕಂಡಿದ್ದೇನೆ. ಸೊಂಟದ ಕೀಲು ಜಾರಿರಬಹುದು, ಹೊಟ್ಟೆಯ ಆಮ್ಲ ಅನ್ನನಾಳಕ್ಕೇರಿರಬಹುದು, ಮಲಬದ್ಧತೆಯಿರಬಹುದು, ಹಲ್ಲು ಹುಳುಕಾಗಿರಬಹುದು. ಸ್ವಭಾವವೆಂದು ಬರೆದ ಮೇಲೆ ಇವನ್ನು ಹುಡುಕುವವರಾರು?

ಮಗು ನೆಮ್ಮದಿಯಾಗಿರುವಾಗ ಹೇಗಿರುತ್ತದೆ, ನೊಂದಾಗ ಏನು ಬದಲಾಗುತ್ತದೆ ಎಂಬುದನ್ನು ತಾಯಿ ಕನ್ನಡದಲ್ಲೇ ಹೇಳಲಿ. ಸಂಘದ ತರುಣರು ಅದನ್ನು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಒಂದು ಪುಟಕ್ಕಿಳಿಸಿ ಕೊಡಲಿ. ರಾಜ್ಯೋತ್ಸವದ ಚಪ್ಪರಕ್ಕೆ ಇಪ್ಪತ್ತು ಮಂದಿ ಒದಗುವ ನಮ್ಮಲ್ಲಿ ಇದಕ್ಕೆ ಇಬ್ಬರು ಸಿಕ್ಕಾರು. ಹೆಸರು ಕೊಡುವವರು ಸಭೆ ಮುಗಿದೊಡನೆ ನನ್ನನ್ನು ಕಾಣಬೇಕಾಗಿ ವಿನಂತಿ.