ತೋಟಗಾರಿಕೆಯಲ್ಲಿ ಸ್ನಾತಕೋತ್ತರ ವ್ಯಾಸಂಗ ಮತ್ತು ರೈತನ ತೋಟ



ಮಗನೋ ಮಗಳೋ ನಾಲ್ಕು ವರ್ಷ ಓದಿ ತೋಟಗಾರಿಕೆಯಲ್ಲಿ ಬಿ.ಎಸ್‌ಸಿ. ಪದವಿ ಪಡೆದು ಊರಿಗೆ ಬಂದು, 'ಇನ್ನೆರಡು ವರ್ಷ ಎಂ.ಎಸ್‌ಸಿ. ಓದುತ್ತೇನೆ' ಎಂದಾಗ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ. ಮಾವಿಗೆ ಕಸಿ ಕಟ್ಟುವುದಕ್ಕೆ, ದಾಳಿಂಬೆ ಗಿಡ ಸವರುವುದಕ್ಕೆ ಇಷ್ಟು ಓದು ಬೇಕೆ? ನರ್ಸರಿಯ ಆಳು ಶಾಲೆಯ ಮೆಟ್ಟಿಲು ಹತ್ತದೆಯೇ ದಿನವೆಲ್ಲ ಕೂತು ಸೊಗಸಾಗಿ ಕಸಿ ಕಟ್ಟುತ್ತಾನಲ್ಲ?

ಪ್ರಶ್ನೆ ನ್ಯಾಯವಾದುದೇ. ಕೈಚಳಕದಲ್ಲಿ ಆ ಆಳಿಗೆ ಸರಿಸಾಟಿಯಾಗುವ ಸ್ನಾತಕೋತ್ತರ ವಿದ್ಯಾರ್ಥಿಗಳು ಬಹಳ ಮಂದಿ ಇರಲಾರರು. ಆದರೆ ವಿಶ್ವವಿದ್ಯಾನಿಲಯವು ಆ ಎರಡು ವರ್ಷಗಳಲ್ಲಿ ಕಲಿಸುವುದು ಕಸಿ ಕಟ್ಟುವುದನ್ನಲ್ಲ. ಮಳೆಗಾಲದ ಆರಂಭದಲ್ಲಿ ಕಟ್ಟಿದ ಕಸಿ ಹೆಚ್ಚು ಹಿಡಿಯಿತು, ಚಳಿಗಾಲದಲ್ಲಿ ಕಟ್ಟಿದ್ದು ಸೊರಗಿತು ಎಂದಾದರೆ, ಅದಕ್ಕೆ ಕಾರಣ ಹವೆಯೋ, ಕಸಿ ಕಡ್ಡಿಯೋ, ಕಟ್ಟಿದ ಕೈಯೋ ಎಂಬುದನ್ನು ಬೇರ್ಪಡಿಸಿ ತಿಳಿಯುವ ಬಗೆಯನ್ನು ಅಲ್ಲಿ ಕಲಿಸಲಾಗುತ್ತದೆ. ಈ ಎರಡಕ್ಕೂ ಇರುವ ಅಂತರ ತಿಳಿದರೆ, ಮಕ್ಕಳನ್ನು ಮುಂದೆ ಓದಿಸುವುದೋ ಬೇಡವೋ ಎಂದು ತೀರ್ಮಾನಿಸುವುದು ಸುಲಭವಾಗುತ್ತದೆ.

ಒಂದು ಕಾಲದಲ್ಲಿ ಈ ವಿದ್ಯೆಗಾಗಿ ಸಮುದ್ರ ದಾಟಬೇಕಿತ್ತು, ಇಲ್ಲವೆ ಸಮುದ್ರದಾಚೆಯಿಂದ ಜನರನ್ನು ಕರೆಸಬೇಕಿತ್ತು. ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿ ಬಂದ ಜರ್ಮನ್ ತಜ್ಞ ಕೃಂಬಿಗಲ್ಲರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ ಲಾಲ್‌ಬಾಗನ್ನು ನೋಡಿಕೊಂಡರು. ಮುಂದೆ ಡಾ. ಎಂ. ಎಚ್. ಮರಿಗೌಡರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು ಬಂದು, ತೋಟಗಾರಿಕೆ ಇಲಾಖೆಯ ನಿರ್ದೇಶಕರಾಗಿ ರಾಜ್ಯದ ಉದ್ದಗಲಕ್ಕೂ ತೋಟಗಾರಿಕೆ ಕ್ಷೇತ್ರಗಳನ್ನೂ ಸಸ್ಯಾಗಾರಗಳನ್ನೂ ಕಟ್ಟಿಸಿದರು. 1964ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯ ಪ್ರಾರಂಭವಾಯಿತು. 1967ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಂದು ಹೆಸರಘಟ್ಟದಲ್ಲಿ ನೆಲೆಯೂರಿತು. 1986ರಲ್ಲಿ ಧಾರವಾಡದಲ್ಲಿ ಪ್ರತ್ಯೇಕ ಕೃಷಿ ವಿಶ್ವವಿದ್ಯಾನಿಲಯವಾಯಿತು. ಬಹುಕಾಲ ಕೃಷಿ ಕಾಲೇಜಿನ ಒಂದು ವಿಭಾಗವಾಗಿಯೇ ಇದ್ದ ತೋಟಗಾರಿಕೆಗೆ ಮೂಡಿಗೆರೆ, ಅರಭಾವಿಗಳಲ್ಲಿ ತನ್ನದೇ ಕಾಲೇಜುಗಳಾದವು. 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆಗೆಂದೇ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಈಗ ಗೋಕಾಕ ಕಡೆಯ ಹುಡುಗಿ ಬಸ್ಸು ಹತ್ತಿ ಹೋಗಿ ಹಣ್ಣು ವಿಜ್ಞಾನದಲ್ಲಿ ಉನ್ನತ ಪದವಿ ಪಡೆಯಬಹುದಾಗಿದೆ.

ಎಂ.ಎಸ್‌ಸಿ. ಎಂದರೆ ಸಾಮಾನ್ಯವಾಗಿ ಎರಡು ವರ್ಷ, ನಾಲ್ಕು ಅವಧಿಗಳು. ಪ್ರವೇಶ ಪರೀಕ್ಷೆಯ ಅಂಕಗಳ ಮೇಲೆ ಆಯ್ಕೆ ನಡೆಯುತ್ತದೆ. ಸೇರುವಾಗಲೇ ಶಾಖೆಯನ್ನು ಆರಿಸಿಕೊಳ್ಳಬೇಕು. ಹಣ್ಣು ವಿಜ್ಞಾನ, ತರಕಾರಿ ವಿಜ್ಞಾನ, ಪುಷ್ಪ ಕೃಷಿ ಮತ್ತು ಉದ್ಯಾನ ವಿನ್ಯಾಸ, ಕೊಯ್ಲೋತ್ತರ ತಂತ್ರಜ್ಞಾನ ಬೇರೆ ಬೇರೆ ಶಾಖೆಗಳು. ಅಡಿಕೆ, ತೆಂಗು, ಮೆಣಸು, ಏಲಕ್ಕಿ, ಔಷಧಿ ಸಸ್ಯಗಳೆಲ್ಲ ಸೇರಿ ಮತ್ತೊಂದು. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ರೂಪಿಸಿದ ಈಗಿನ ಪಠ್ಯಕ್ರಮದ ಪ್ರಕಾರ ಎಂ.ಎಸ್‌ಸಿ.ಗೆ ಒಟ್ಟು 70 ಕ್ರೆಡಿಟ್‌ಗಳು, ಅದರಲ್ಲಿ 30 ಸಂಶೋಧನೆಗೇ ಮೀಸಲು. ಪಿಎಚ್.ಡಿ.ಯಲ್ಲಿ 100ಕ್ಕೆ 75 ಸಂಶೋಧನೆ. ಮಿಕ್ಕದ್ದು ಪಾಠ: ತಳಿ ಅಭಿವೃದ್ಧಿ, ಸಸ್ಯ ಶರೀರಕ್ರಿಯೆ, ಪೋಷಕಾಂಶ ನಿರ್ವಹಣೆ, ಕೀಟ ರೋಗಗಳು, ಜೊತೆಗೆ ಸಂಖ್ಯಾಶಾಸ್ತ್ರ. ವಿದ್ಯಾರ್ಥಿಗಳು ಹೆದರುವುದು ಈ ಕೊನೆಯದಕ್ಕೆ. ರೈತನಿಗೆ ಹೆಚ್ಚು ಉಪಕಾರವಾಗುವುದೂ ಅದರಿಂದಲೇ ಎಂದರೆ ಆಶ್ಚರ್ಯವೆನಿಸಬಹುದು.

ಒಬ್ಬ ರೈತ ಬಾವಿಯ ಪಕ್ಕದ ಎರಡು ಸಾಲು ದಾಳಿಂಬೆಗೆ ಹೊಸ ದ್ರಾವಣವೊಂದನ್ನು ಸಿಂಪಡಿಸುತ್ತಾನೆ ಎಂದಿಟ್ಟುಕೊಳ್ಳಿ. ಆ ಸಾಲುಗಳಲ್ಲಿ ಕಾಯಿ ಹೆಚ್ಚು ನಿಲ್ಲುತ್ತದೆ. ಅಂಗಡಿಯವನು ಅದನ್ನು ಊರಿಗೆಲ್ಲ ಹೇಳುತ್ತಾನೆ. ಆದರೆ ಬಾವಿಯ ಪಕ್ಕದ ಸಾಲಿಗೆ ನೀರು ಹೆಚ್ಚು, ಮಣ್ಣು ಆಳ. ದ್ರಾವಣವಿಲ್ಲದಿದ್ದರೂ ಅಲ್ಲಿ ಫಸಲು ಹೆಚ್ಚೇ ಬರುತ್ತಿತ್ತೋ ಏನೋ. ಹೊಲದ ಅಂಚಿನ ಗಿಡಗಳಿಗೆ ಬಿಸಿಲು ಗಾಳಿ ಬೇರೆ, ನಡುವಿನವಕ್ಕೆ ಬೇರೆ. ಮೇಲಿನ ತುದಿಯ ಮಣ್ಣು ಕೊಚ್ಚಿ ಬಂದು ಕೆಳಗಿನ ಬದುವಿನಲ್ಲಿ ನಿಂತಿರುತ್ತದೆ. ಇಂತಹ ಹೊಲದಲ್ಲಿ ಒಂದು ಉಪಚಾರದ ಗುಣವನ್ನು ಹೇಗೆ ಅಳೆಯುವುದು?

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ 1843ರಿಂದ ಬೇಸಾಯದ ಪ್ರಯೋಗಗಳು ನಡೆದಿದ್ದವು. 1920ರ ದಶಕದಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದ ಆರ್. ಎ. ಫಿಶರ್ ಎಂಬ ಸಂಖ್ಯಾಶಾಸ್ತ್ರಜ್ಞರು ಇದಕ್ಕೆ ದಾರಿ ತೋರಿಸಿದರು. ಹೊಲವನ್ನು ಇಳಿಜಾರಿಗೆ ಅಡ್ಡಲಾಗಿ ಕೆಲವು ಪಟ್ಟಿಗಳಾಗಿ ವಿಂಗಡಿಸಿ, ಪ್ರತಿ ಪಟ್ಟಿಯೊಳಗಿನ ನೆಲ ಹೆಚ್ಚು ಕಡಿಮೆ ಒಂದೇ ತೆರನಾಗಿರುವಂತೆ ನೋಡಿಕೊಳ್ಳಬೇಕು. ಪ್ರತಿ ಪಟ್ಟಿಯಲ್ಲೂ ಎಲ್ಲ ಉಪಚಾರಗಳಿಗೂ ಒಂದೊಂದು ತಾಕು. ಯಾವ ತಾಕಿಗೆ ಯಾವ ಉಪಚಾರ ಎಂಬುದನ್ನು ಮನಸ್ಸಿಗೆ ಬಂದಂತೆ ಆರಿಸದೆ ಚೀಟಿ ಎತ್ತಿ ನಿರ್ಧರಿಸಬೇಕು. ಪ್ರಯೋಗ ಮಾಡುವವನಿಗೂ ತನಗೆ ಇಷ್ಟವಾದ ಗೊಬ್ಬರಕ್ಕೆ ಒಳ್ಳೆಯ ಗಿಡ ಕೊಡುವ ಚಪಲ ಇರುತ್ತದೆ. ಚೀಟಿಗೆ ಆ ಚಪಲವಿಲ್ಲ. ಒಂದೆರಡು ತಾಕುಗಳಿಗೆ ಏನನ್ನೂ ಮಾಡದೆ ಹಾಗೆಯೇ ಬಿಡಬೇಕು. ಹೋಲಿಸಿ ನೋಡಲು ಅವೇ ಆಧಾರ. ಇಂದು ಆಸ್ಪತ್ರೆಗಳಲ್ಲಿ ಹೊಸ ಔಷಧಿಗಳನ್ನು ಪರೀಕ್ಷಿಸುವುದೂ ಹೊಲದಲ್ಲಿ ಹುಟ್ಟಿದ ಈ ಕ್ರಮದಿಂದಲೇ.

ಹೀಗೆ ಮಾಡಿದ ಮೇಲೂ ಲೆಕ್ಕ ಉಳಿದಿರುತ್ತದೆ. ಒಂದು ಉಪಚಾರದಲ್ಲಿ ಗಿಡಕ್ಕೆ ಸರಾಸರಿ 20 ಕಿಲೋ, ಇನ್ನೊಂದರಲ್ಲಿ 18 ಕಿಲೋ ಹಣ್ಣು ಬಂದಿತೆನ್ನಿ. ಎರಡು ಕಿಲೋ ಹೆಚ್ಚಾಯಿತೆಂದು ಹಿಗ್ಗುವ ಮೊದಲು, ಒಂದೇ ಉಪಚಾರ ಪಡೆದ ಗಿಡಗಿಡಗಳ ನಡುವೆ ಎಷ್ಟು ಅಂತರವಿದೆ ಎಂದು ನೋಡಬೇಕು. ಅಲ್ಲೇ ಐದಾರು ಕಿಲೋ ಹೆಚ್ಚು ಕಡಿಮೆ ಇದ್ದರೆ ಆ ಎರಡು ಕಿಲೋಗೆ ಅರ್ಥವಿಲ್ಲ. ಈ ಎಚ್ಚರವೇ ಎಂ.ಎಸ್‌ಸಿ. ವ್ಯಾಸಂಗದ ಸಾರವೆಂದರೆ ತಪ್ಪಾಗಲಾರದು.

ಹಣ್ಣಿನ ಮರಗಳಲ್ಲಿ ಈ ಕೆಲಸ ಇನ್ನೂ ಕಷ್ಟ. ರಾಗಿ, ಟೊಮೆಟೊಗಳಲ್ಲಿ ಸಣ್ಣ ತಾಕಿನಲ್ಲೇ ನೂರಾರು ಗಿಡಗಳಿರುತ್ತವೆ. ಮಾವಿನಲ್ಲಿ ಒಂದೊಂದು ಮರವೂ ಒಂದೊಂದು ತಾಕು. ಮೇಲಿನ ಕಸಿ ಬಾದಾಮಿಯೇ ಆದರೂ ಕೆಳಗಿನ ಬೇರುಸಸಿ ಎಲ್ಲಿಂದಲೋ ತಂದ ವಾಟೆಯಿಂದ ಹುಟ್ಟಿದ್ದು. ನಮ್ಮ ಬಯಲುಸೀಮೆಯ ಬಹುಪಾಲು ತಳಿಗಳ ವಾಟೆಯಲ್ಲಿ ಒಂದೇ ಭ್ರೂಣವಿದ್ದು, ಹುಟ್ಟುವ ಸಸಿ ತಾಯಿಯನ್ನು ಪೂರಾ ಹೋಲುವುದಿಲ್ಲ. ಒಂದು ವಾಟೆಯಿಂದ ಹಲವು ಸಸಿಗಳು ಹುಟ್ಟುವ ಓಲೂರ್, ವೆಲ್ಲೈಕೊಲಂಬನ್ ಮುಂತಾದವುಗಳಲ್ಲಿ ಮಾತ್ರ ತಾಯಿಯಂತಹ ಏಕರೂಪದ ಬೇರುಸಸಿ ಸಿಗುತ್ತದೆ. ಹೊಸ ತೋಟ ಹಾಕುವವರು ಸಸ್ಯಾಗಾರದಲ್ಲಿ ಮೇಲಿನ ತಳಿ ಯಾವುದೆಂದು ವಿಚಾರಿಸುತ್ತಾರೆಯೇ ಹೊರತು ಕೆಳಗಿನದು ಯಾವುದೆಂದು ಕೇಳುವುದು ಅಪರೂಪ. ಒಂದೇ ದಿನ ನೆಟ್ಟು, ಒಂದೇ ಗೊಬ್ಬರ ಹಾಕಿದ ಎರಡು ಮರಗಳು ಅಣ್ಣ ತಮ್ಮಂದಿರಂತೆ ಬೇರೆ ಬೇರೆಯಾಗಿ ಬೆಳೆಯುವುದಕ್ಕೆ ಇದೂ ಒಂದು ಕಾರಣ.

ಇನ್ನು ಕಾಲದ ಪ್ರಶ್ನೆ. ಕಸಿ ಮಾವು ಫಸಲಿಗೆ ಬರಲು ನಾಲ್ಕೈದು ವರ್ಷ ಬೇಕು. ಬಂದ ಮೇಲೂ ಒಂದು ವರ್ಷ ಬಿಟ್ಟರೆ ಒಂದು ವರ್ಷ ಬಿಡದು. ಎರಡು ವರ್ಷಕ್ಕೆ ಬಂದು ಹೋಗುವ ವಿದ್ಯಾರ್ಥಿ ಅದರ ಮೇಲೆ ಏನು ತೀರ್ಮಾನ ಹೇಳಬಲ್ಲ? ಆದುದರಿಂದಲೇ ಎಂ.ಎಸ್‌ಸಿ. ಸಂಶೋಧನೆಗಳು ಕಸಿಯ ಕಾಲ, ಬೀಜೋಪಚಾರ, ತರಕಾರಿ, ಹೂ, ಹಣ್ಣಿನ ಸಂಗ್ರಹಣೆ ಇಂತಹ ವಿಷಯಗಳ ಕಡೆ ಹೆಚ್ಚು ವಾಲುತ್ತವೆ. ಬೇಗ ಮುಗಿಯುತ್ತದೆ ಎಂಬ ಒಂದೇ ಕಾರಣಕ್ಕೆ ಕುಂಡದ ಚೆಂಡುಹೂವಿಗೆ ಮತ್ತೊಂದು ಚೋದಕವನ್ನು ಸಿಂಪಡಿಸಿ ಪ್ರಬಂಧ ಬರೆಯುವುದೂ ಉಂಟು. ಅದರಿಂದ ಪದವಿ ಸಿಗುತ್ತದೆ, ಹೂವಾಡಿಗರಿಗೆ ಏನೂ ಸಿಗುವುದಿಲ್ಲ.

ದೊಡ್ಡ ಕೆಲಸಗಳು ಒಬ್ಬ ವಿದ್ಯಾರ್ಥಿಯ ಕಾಲಾವಧಿಯಲ್ಲಿ ಮುಗಿಯುವಂಥವಲ್ಲ. ನೀಲಂ ಮತ್ತು ದಶೇರಿ ಮಾವುಗಳನ್ನು ಕೂಡಿಸಿ ದೆಹಲಿಯಲ್ಲಿ ಪಡೆದ ಮಲ್ಲಿಕಾ ತಳಿ ಬಿಡುಗಡೆಯಾದುದು 1971ರಲ್ಲಿ, ಅದೇ ಜೋಡಿಯ ಮತ್ತೊಂದು ಸಂತಾನವಾದ ಆಮ್ರಪಾಲಿ 1978ರಲ್ಲಿ. ಹೆಸರಘಟ್ಟದ ವಿಜ್ಞಾನಿಗಳು ಬೆಂಡೆಯನ್ನು ಅದರ ಕಾಡು ಸಂಬಂಧಿಯೊಂದಿಗೆ ಕೂಡಿಸಿ, ಹಳದಿ ನಂಜು ರೋಗ ತಡೆಯುವ ಗುಣವನ್ನು ಆ ಕಾಡುಜಾತಿಯಿಂದ ತಂದು, ಮತ್ತೆ ಮತ್ತೆ ಒಳ್ಳೆಯ ಬೆಂಡೆಯೊಂದಿಗೆ ಕೂಡಿಸಿ ಆಯ್ದು 'ಅರ್ಕಾ ಅನಾಮಿಕ'ವನ್ನು ಕೊಟ್ಟರು. ಕಾಲ ಕಳೆದಂತೆ ಅದರಲ್ಲೂ ನಂಜು ಕಾಣಿಸಿಕೊಂಡಿತು. ಕೆಲಸವನ್ನು ಮತ್ತೆ ಮುಂದುವರಿಸಬೇಕಾಯಿತು. ಇಂತಹ ಸರಪಳಿಯಲ್ಲಿ ಒಬ್ಬ ವಿದ್ಯಾರ್ಥಿ ಕೂಡಿಸುವುದು ಒಂದು ಕೊಂಡಿಯನ್ನು. ಆದುದರಿಂದ ಒಂದು ಪ್ರಬಂಧದ ಫಲಿತಾಂಶವನ್ನು ಪತ್ರಿಕೆಯಲ್ಲಿ ಓದಿದೊಡನೆ ಇಡೀ ತೋಟಕ್ಕೆ ಅಳವಡಿಸಬಾರದು. ಎಷ್ಟು ವರ್ಷ ನೋಡಿದ್ದಾರೆ, ಎಷ್ಟು ಸ್ಥಳಗಳಲ್ಲಿ ನೋಡಿದ್ದಾರೆ, ರೈತರ ಹೊಲದಲ್ಲಿ ಪರೀಕ್ಷೆಯಾಗಿದೆಯೇ, ವಿಶ್ವವಿದ್ಯಾನಿಲಯದ ಬೇಸಾಯ ಕ್ರಮಗಳ ಕೈಪಿಡಿಯಲ್ಲಿ ಸೇರಿದೆಯೇ ಎಂದು ವಿಸ್ತರಣಾ ಕಾರ್ಯಕರ್ತರನ್ನು ಕೇಳುವುದು ಲೇಸು.

ವಿದ್ಯಾರ್ಥಿಯ ಕೆಲಸ ರೈತನ ಸಂಕಟಕ್ಕೆ ನೇರವಾಗಿ ತಾಗುವ ಒಂದು ಸಂದರ್ಭ ದಾಳಿಂಬೆಯ ದುಂಡಾಣು ಅಂಗಮಾರಿ. ಬಾಗಲಕೋಟೆ, ಕೊಪ್ಪಳ, ವಿಜಯಪುರದ ಕಡೆ ಈ ರೋಗ ಎಷ್ಟು ತೋಟಗಳನ್ನು ಕೀಳಿಸಿತೆಂಬುದು ಅಲ್ಲಿಯವರಿಗೆ ಗೊತ್ತು. ಎಲೆ, ಕಾಯಿಗಳ ಮೇಲೆ ಎಣ್ಣೆ ಬಿದ್ದಂತಹ ಕಪ್ಪು ಚುಕ್ಕೆ ಬಂದು ಕಾಯಿ ಸೀಳುತ್ತದೆ. ಗಣೇಶವಾಗಲಿ ಭಗವಾ ಆಗಲಿ ಇದಕ್ಕೆ ಹೊರತಲ್ಲ. ರೋಗಾಣು ದೂರದೂರಿಗೆ ಹೋಗುವುದು ರೋಗದ ಗಿಡದಿಂದ ತೆಗೆದ ಕಡ್ಡಿ ಮತ್ತು ಗೂಟಿ ಸಸಿಗಳ ಮೂಲಕ. ತೋಟದೊಳಗೆ ಹರಡುವುದು ಮಳೆಹನಿಯ ಸಿಡಿತದಿಂದ ಮತ್ತು ಸವರುವ ಕತ್ತರಿಯಿಂದ. ಆದುದರಿಂದಲೇ ಮಳೆಯಲ್ಲಿ ಕಾಯಿ ಬಲಿಯುವ ಮೃಗ ಬಹಾರ ಬಿಟ್ಟು ಹಸ್ತ ಬಹಾರ ಹಿಡಿಯಿರಿ, ಗಿಡಕ್ಕೆ ವಿಶ್ರಾಂತಿ ಕೊಡಿ, ಉದುರಿದ ಎಲೆ ಕಾಯಿ ಆರಿಸಿ ಸುಡಿ, ಪ್ರತಿ ಗಿಡಕ್ಕೂ ಕತ್ತರಿಯನ್ನು ಶುದ್ಧಮಾಡಿ, ಸವರಿದ ಮೇಲೆ ಶೇಕಡಾ 1ರ ಬೋರ್ಡೊ ದ್ರಾವಣ ಸಿಂಪಡಿಸಿ ಎಂದು ಹೇಳುವುದು. ಈ ಒಂದೊಂದು ಮಾತಿನ ಹಿಂದೆಯೂ ಯಾರೋ ಬಿಸಿಲಲ್ಲಿ ಕೂತು ಎಲೆಯ ಚುಕ್ಕೆ ಎಣಿಸಿದ್ದಾರೆ.

ಇಂತಹ ಎಣಿಕೆ ವಿಶ್ವವಿದ್ಯಾನಿಲಯದ ಆವರಣದಲ್ಲಷ್ಟೇ ನಡೆದರೆ ಸಾಲದು. ರೋಗವಿರುವುದು ರೈತನ ತೋಟದಲ್ಲಿ. ಅಲ್ಲಿಯೇ ಒಂದು ತೊಡಕೂ ಇದೆ. ಹೋಲಿಕೆಗೆಂದು ಏನೂ ಸಿಂಪಡಿಸದೆ ಬಿಟ್ಟ ಗಿಡಗಳು ಕಣ್ಣೆದುರೇ ಕಪ್ಪಾಗುವುದನ್ನು ನೋಡಲಾರದೆ, ವಿದ್ಯಾರ್ಥಿ ಇಲ್ಲದ ದಿನ ರೈತ ಅವಕ್ಕೂ ಒಂದು ಪಂಪು ಹೊಡೆದುಬಿಡುವುದುಂಟು. ಅವನ ಕರುಳು ಅರ್ಥವಾಗುವಂಥದೇ; ಆದರೆ ಅಲ್ಲಿಗೆ ಪ್ರಯೋಗ ಮುಗಿಯಿತು, ವಿದ್ಯಾರ್ಥಿಯ ವರ್ಷವೂ ಹೋಯಿತು. ಎಷ್ಟು ಗಿಡ ಹಾಗೆ ಬಿಡಬೇಕು, ನಷ್ಟ ಯಾರದು ಎಂಬುದನ್ನು ಮಾರ್ಗದರ್ಶಕ ಪ್ರಾಧ್ಯಾಪಕರ ಸಮ್ಮುಖದಲ್ಲಿ ಮೊದಲೇ ಮಾತನಾಡಿ ಬರೆದಿಟ್ಟುಕೊಂಡರೆ ಇಬ್ಬರಿಗೂ ಕ್ಷೇಮ. ಬಡ ರೈತನ ಐವತ್ತು ಗಿಡದ ತೋಟದಲ್ಲಿ ಹತ್ತನ್ನು ಬಲಿಕೊಡಿ ಎಂದು ಕೇಳುವುದು ನ್ಯಾಯವಲ್ಲ.

ಈಗ ಮನೆಯ ಪ್ರಶ್ನೆಗೆ ಬರೋಣ. ಮಗ ಅಥವಾ ಮಗಳು ಹಿಂದಿರುಗಿ ತೋಟವನ್ನೇ ನೋಡಿಕೊಳ್ಳುವುದು ಖಚಿತವಾಗಿದ್ದರೆ ಎಂ.ಎಸ್‌ಸಿ. ಕಡ್ಡಾಯವೇನಲ್ಲ. ಬಿ.ಎಸ್‌ಸಿ. ಮುಗಿಸಿ, ಸಸ್ಯಾಭಿವೃದ್ಧಿ ಅಥವಾ ಸಂಸ್ಕರಣೆಯಲ್ಲಿ ಅಲ್ಪಾವಧಿ ತರಬೇತಿ ಪಡೆದು, ಆ ಎರಡು ವರ್ಷವನ್ನು ಮಣ್ಣಿನಲ್ಲಿ ಕಳೆಯುವುದೇ ಉತ್ತಮ. ತೋಟಗಾರಿಕೆ ಇಲಾಖೆಯ ಸಹಾಯಕ ಅಧಿಕಾರಿಯ ಹುದ್ದೆಗೂ ಬಿ.ಎಸ್‌ಸಿ. ಸಾಕು. ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಷಯ ತಜ್ಞರಾಗಬೇಕಾದರೆ ಸ್ನಾತಕೋತ್ತರ ಪದವಿ ಬೇಕೇ ಬೇಕು. ಬೋಧನೆ, ಸಂಶೋಧನೆಗಳತ್ತ ಮನಸ್ಸಿದ್ದರೆ ಎಂ.ಎಸ್‌ಸಿ. ಬರಿಯ ಹೊಸ್ತಿಲು, ಮುಂದೆ ಪಿಎಚ್.ಡಿ., ಅರ್ಹತಾ ಪರೀಕ್ಷೆ, ಹುದ್ದೆಗಾಗಿ ಕಾಯುವಿಕೆ ಎಲ್ಲ ಇದೆ. ಅಷ್ಟು ವರ್ಷ ಮನೆಯವರು ತಾಳಿಕೊಳ್ಳಬಲ್ಲರೇ ಎಂಬುದನ್ನು ಸೇರುವ ಮೊದಲೇ ಯೋಚಿಸಬೇಕು. ಅಖಿಲ ಭಾರತ ಮಟ್ಟದ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಪರಿಷತ್ತಿನ ವಿದ್ಯಾರ್ಥಿ ವೇತನ ದೊರೆಯುತ್ತದೆ, ಆದ್ದರಿಂದ ಬಿ.ಎಸ್‌ಸಿ.ಯ ಕೊನೆಯ ವರ್ಷದಲ್ಲೇ ಆ ಪರೀಕ್ಷೆಗೆ ಸಿದ್ಧತೆ ನಡೆಸುವುದು ಮೇಲು. ಮಗಳಾದರೆ 'ಬಿಸಿಲಲ್ಲಿ ಹೊಲ ಸುತ್ತುವ ಓದು ಯಾಕೆ' ಎನ್ನುವ ಹಿರಿಯರು ಈಗಲೂ ಇದ್ದಾರೆ. ಮನೆಯ ತೋಟದಲ್ಲಿ ಆಕೆ ಸುತ್ತುವುದು ಅದೇ ಬಿಸಿಲಿನಲ್ಲಿಯೇ.

ತೋಟದಲ್ಲಿ ವಿಚಿತ್ರ ರೋಗ, ಹೂ ಉದುರುವಿಕೆ, ಒಂದೇ ಮರದ ವಿಶೇಷ ಗುಣ ಇಂತಹದೇನಾದರೂ ಕಂಡ ರೈತರು ಹತ್ತಿರದ ತೋಟಗಾರಿಕೆ ಕಾಲೇಜಿಗೆ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ತಿಳಿಸಬೇಕು. ವಿದ್ಯಾರ್ಥಿಗಳು ಸಂಶೋಧನೆಯ ವಿಷಯವನ್ನು ಆರಿಸಿಕೊಳ್ಳುವುದು ಮೊದಲ ವರ್ಷದಲ್ಲಿ. ಆ ಹೊತ್ತಿಗೆ ಹೋದ ಸಮಸ್ಯೆಗೆ ಬೆಲೆ ಹೆಚ್ಚು. ಹೋಗುವಾಗ ಗಿಡ ನೆಟ್ಟ ವರ್ಷ, ಸಸಿ ತಂದ ಜಾಗ, ಹಾಕಿದ ಗೊಬ್ಬರ, ಹೊಡೆದ ಔಷಧಿ, ಬಹಾರ ಹಿಡಿದ ತಿಂಗಳು, ವರ್ಷವರ್ಷದ ಫಸಲು ಬರೆದ ಪುಸ್ತಕವಿದ್ದರೆ ಜೊತೆಗೊಯ್ಯಬೇಕು. ಪ್ರಯೋಗ ಪ್ರಾರಂಭವಾದ ಮೇಲೆ ಗಿಡಗಳಿಗೆ ಕಟ್ಟಿದ ಚೀಟಿಗಳನ್ನು ಮಕ್ಕಳು ಕೀಳದಂತೆ, ಎಣಿಕೆಗೆ ಮುಂಚೆ ಆಳುಗಳು ಕಾಯಿ ಕೀಳದಂತೆ ನೋಡಿಕೊಳ್ಳಬೇಕು. ಮುಗಿದ ಪ್ರಬಂಧ ಇಂಗ್ಲಿಷಿನಲ್ಲಿರುತ್ತದೆ. ಕೆಲವದರಲ್ಲಿ ಕನ್ನಡ ಸಾರಾಂಶವೂ ಸೇರಿರುತ್ತದೆ. ಅನೇಕ ಪ್ರಬಂಧಗಳು ಈಗ ಕೃಷಿಕೋಶ ಎಂಬ ಗಣಕ ಸಂಗ್ರಹದಲ್ಲಿ ದೊರೆಯುತ್ತವೆ. ತೋಟ ಕೊಟ್ಟ ರೈತ ಆ ಸಾರಾಂಶದ ಒಂದು ಪ್ರತಿಯನ್ನೂ, ತನ್ನ ಗಿಡಗಳ ತೂಕದ ಪಟ್ಟಿಯನ್ನೂ ವಿದ್ಯಾರ್ಥಿ ಊರು ಬಿಡುವ ಮುನ್ನವೇ ಕೇಳಿ ಪಡೆದುಕೊಳ್ಳಬೇಕು.